ಒಗ್ಗರಣೆಗೆ ಮುಂಚೆ ನಾಯಿಯ ಪಾಲು

ಭರತ ಹುಣ್ಣಿಮೆಯ ಹೊತ್ತಿಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋದವರೆಲ್ಲ ಕಾರಣಿಕ ಕೇಳಲು ಡೆಂಕನ ಮರಡಿಯ ದಾರಿ ಹಿಡಿಯುತ್ತಾರೆ. ನಾಯಿ ಸಾಕಿದವರು ಗೊರವಪ್ಪಗಳ ದೋಣಿ ಸೇವೆಯನ್ನೂ ನಿಂತು ನೋಡಬೇಕು. ದೋಣಿ ಎಂಬ ಪಾತ್ರೆಗೆ ಹಾಲು, ತುಪ್ಪ, ಬಾಳೆಹಣ್ಣು, ಸಕ್ಕರೆ ಬೀಳುತ್ತವೆ. ಕಂಬಳಿ ಹೊದ್ದ ಗೊರವರು ಬೊಗಳುತ್ತ, ಒಬ್ಬರನ್ನೊಬ್ಬರು ನೂಕುತ್ತ ಉಣ್ಣುತ್ತಾರೆ. ಮೈಲಾರಲಿಂಗನ ಬೆನ್ನ ಹಿಂದೆ ಯಾವಾಗಲೂ ನಾಯಿ ಇದೆ. ಅವನ ಒಕ್ಕಲು ಆ ಹೊತ್ತಿಗೆ ಅವನ ನಾಯಿಗಳೇ ಆಗುತ್ತಾರೆ.

ದೋಣಿಯಲ್ಲಿ ಇರುವುದನ್ನು ನಿಜವಾದ ನಾಯಿಗೆ ಇಟ್ಟರೆ? ಬಾಳೆಹಣ್ಣು ಒಂದೆರಡು ತುಂಡು ಕೊಡಬಹುದು. ಹಾಲು ಬಹಳಷ್ಟು ಬೆಳೆದ ನಾಯಿಗಳಿಗೆ ಅರಗದೆ ಭೇದಿಯಾಗುತ್ತದೆ. ತುಪ್ಪ ಹೆಚ್ಚಾದರೆ ಮೇದೋಜೀರಕ ಗ್ರಂಥಿ ಬಾವು ಬರುವ ಅಪಾಯವಿದೆ. ಸಕ್ಕರೆ ಬೇಕಿಲ್ಲ. ಆದರೂ ವಿಷ ಎನ್ನುವಂಥದ್ದು ಅದರಲ್ಲಿ ಒಂದೂ ಇಲ್ಲ. ಮನೆಯ ನಾಯಿಗೆ ನಾವು ಪ್ರೀತಿಯಿಂದಲೇ ಹಾಕುವ ದಿನದಿನದ ತಟ್ಟೆಯ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ.

ನಾಯಿಗೆ ಕೊಡಬಾರದ್ದು ಯಾವುದು ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಚಾಕೊಲೇಟ್. ಅದು ಸುಳ್ಳಲ್ಲ. ಕೋಕೋದಲ್ಲಿರುವ ಥಿಯೋಬ್ರೋಮಿನ್ ನಾಯಿಯ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು 17 ತಾಸು ಬೇಕು. ಅಷ್ಟರಲ್ಲಿ ಎದೆಬಡಿತ ಏರಿ ಫಿಟ್ಸ್ ಬರಬಹುದು. ಆದರೆ ಕೂಡ್ಲಿಗಿಯ ಹಟ್ಟಿಯಲ್ಲೋ ಹಗರಿಬೊಮ್ಮನಹಳ್ಳಿಯ ಓಣಿಯಲ್ಲೋ ಎಷ್ಟು ನಾಯಿಗಳ ಪಾಲಿಗೆ ಕಪ್ಪು ಚಾಕೊಲೇಟ್ ಬರುತ್ತದೆ? ಅವುಗಳ ಪಾಲಿಗೆ ಬರುವುದು ಉಳ್ಳಾಗಡ್ಡಿ.

ಈ ಸೀಮೆಯ ಹೊಲದಲ್ಲೂ ಉಳ್ಳಾಗಡ್ಡಿ, ಒಗ್ಗರಣೆಯಲ್ಲೂ ಉಳ್ಳಾಗಡ್ಡಿ. ಅದರ ಗಂಧಕದ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಒಂದೇ ಸಲಕ್ಕೆ ದೇಹದ ತೂಕದ ಶೇ 0.5ರಷ್ಟು ಮೀರಿದರೆ ಅಪಾಯ ಎಂಬುದು ಪಶುವೈದ್ಯರ ಲೆಕ್ಕ. 15 ಕೆ.ಜಿ. ತೂಗುವ ನಾಯಿಗೆ 75 ಗ್ರಾಂ, ಅಂದರೆ ಒಂದು ಮಧ್ಯಮ ಗಾತ್ರದ ಗಡ್ಡೆ. ಬೇಯಿಸಿದರೂ, ಹುರಿದರೂ, ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ಬೆಳ್ಳುಳ್ಳಿ ಇನ್ನೂ ಖಡಕ್ಕು. ಹಾಗಾಗಿ ಎಣ್ಣೆಗಾಯಿಯ ಗಸಿ, ಶೇಂಗಾ ಚಟ್ನಿಪುಡಿ, ಮಾಂಸದ ಸಾರಿನ ಮಸಾಲೆ, ಮಂಡಕ್ಕಿ ಒಗ್ಗರಣೆ ಇವೆಲ್ಲ ನಾಯಿಯ ತಟ್ಟೆಗೆ ಸಲ್ಲವು. ಮೋಸವಿರುವುದು ಕಾಲದಲ್ಲಿ. ನಾಯಿ ಅಂದೇ ಬಿದ್ದುಕೊಳ್ಳುವುದಿಲ್ಲ. ಎರಡು ಮೂರು ದಿನ ಬಿಟ್ಟು ಒಸಡು ಬೆಳ್ಳಗಾಗುತ್ತದೆ, ಮೂತ್ರ ಚಹಾ ಡಿಕಾಕ್ಷನ್‌ನಂತೆ ಕಪ್ಪಾಗುತ್ತದೆ, ನಾಲ್ಕು ಹೆಜ್ಜೆಗೆ ಏದುಸಿರು. ಅಷ್ಟರಲ್ಲಿ ಮನೆಯವರಿಗೆ ಅದು ತಿಂದಿದ್ದೇ ಮರೆತಿರುತ್ತದೆ.

ಇನ್ನು ಹುಣಸೆ. ಇದರ ಕಥೆ ಹೊಸದು, ಕೂಡ್ಲಿಗಿ ಕಡೆಯವರು ಕೇಳಲೇಬೇಕಾದದ್ದು.

ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುತ್ತದೆ ಎಂಬ ವರದಿ ಅಮೆರಿಕದ ಎಎಸ್‌ಪಿಸಿಎ ಸಂಸ್ಥೆಯ ಪ್ರಾಣಿ ವಿಷ ನಿಯಂತ್ರಣ ಕೇಂದ್ರದಿಂದ 2001ರಲ್ಲೇ ಬಂದಿತ್ತು. ಯಾಕೆ ಎಂಬುದು ಮಾತ್ರ ಇಪ್ಪತ್ತು ವರ್ಷ ಒಗಟು. ಒಂದು ನಾಯಿ ಗೊಂಚಲು ತಿಂದು ಆರಾಮಾಗಿತ್ತು, ಇನ್ನೊಂದು ನಾಲ್ಕು ಹಣ್ಣಿಗೇ ನೆಲ ಹಿಡಿಯಿತು. ಕೊನೆಗೆ ಅದೇ ಕೇಂದ್ರದ ವೈದ್ಯರ ಮುಂದೆ ಮಕ್ಕಳು ಆಡುವ, ಮನೆಯಲ್ಲೇ ನಾದಿದ ಹಿಟ್ಟಿನ ಮುದ್ದೆ ತಿಂದ ನಾಯಿಯ ಪ್ರಕರಣ ಬಂತು. ಆ ಹಿಟ್ಟಿಗೆ ಹಾಕಿದ್ದು ಕ್ರೀಮ್ ಆಫ್ ಟಾರ್ಟರ್, ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿ ತಿಂದ ನಾಯಿಗೆ ಆಗುವಂಥದ್ದೇ ಅದಕ್ಕೂ ಆಗಿತ್ತು. ಕಡತ ತಿರುವಿದಾಗ ಹುಣಸೆ ತಿಂದು ಹಾಗೇ ಆದ ನಾಯಿಗಳೂ ಸಿಕ್ಕವು. 2021ರಲ್ಲಿ ಪತ್ರವಾಗಿ, 2022ರಲ್ಲಿ ಸಂಶೋಧನಾ ಲೇಖನವಾಗಿ ಅವರು ಇದನ್ನು ಪ್ರಕಟಿಸಿದರು. ದ್ರಾಕ್ಷಿಯಲ್ಲಿ ಈ ಆಮ್ಲ ಶೇ 2ರ ಒಳಗೆ, ಹಣ್ಣಿನಿಂದ ಹಣ್ಣಿಗೆ ಹೆಚ್ಚುಕಮ್ಮಿ. ಹುಣಸೆ ತಿರುಳಿನಲ್ಲಿ ಶೇ 8ರಿಂದ 18.

ರೊಟ್ಟಿಗೆ ಅಂಟಿದ ನಾಲ್ಕು ಹನಿ ಸಾರಿಗೆ ಗಾಬರಿ ಬೇಡ. ಆದರೆ ಬೇಸಿಗೆಯ ಮುಂದೆ ಕಟ್ಟೆ ಕಟ್ಟೆಯ ಮೇಲೆ ಹುಣಸೆಹಣ್ಣು ಕುಟ್ಟಿ, ಬೀಜ ಬಿಡಿಸಿ, ಉಪ್ಪು ಬೆರೆಸಿ ಉಂಡೆ ಕಟ್ಟುವಾಗ ನಾಯಿಯನ್ನು ದೂರ ಕಟ್ಟುವುದು ಒಳ್ಳೆಯದು, ಮರಿಯನ್ನಂತೂ ಕಟ್ಟಲೇಬೇಕು. ಕೊಟ್ಟೂರಿನ ಗುರು ಬಸವೇಶ್ವರನ ತೇರಿಗೆ ಪಾದಯಾತ್ರೆ ಹೊರಟವರಿಗೆ ದಾರಿಯುದ್ದಕ್ಕೂ ಊಟ ಬಡಿಸುವ ಪುಣ್ಯವಂತರೂ ಒಂದಿಷ್ಟು ಯೋಚಿಸಬೇಕು. ಚಿತ್ರಾನ್ನ, ಪುಳಿಯೋಗರೆ ಮೆತ್ತಿದ ಎಲೆಗಳ ರಾಶಿಗೆ ಬಾಯಿ ಹಾಕುವ ನಾಯಿಗಳಿಗೆ ಹುಣಸೆ, ಉಳ್ಳಾಗಡ್ಡಿ ಎರಡೂ ಒಟ್ಟಿಗೇ ಸಿಗುತ್ತವೆ. ಎಲೆ ಹಾಕಲು ಒಂದು ಗುಂಡಿ ತೋಡಿ ಮುಚ್ಚಿದರೆ ಸಾಕು.

ಹರಪನಹಳ್ಳಿ ಕಡೆಯ ಗೊಡವೆ ಬೇರೆ: ಮೆಕ್ಕೆಜೋಳ. ಕಾಳು ಮೆತ್ತಗೆ ಬೆಂದಿದ್ದರೆ ನಾಯಿಗೆ ತೊಂದರೆಯಿಲ್ಲ. ಸುಟ್ಟ ತೆನೆ ತಿಂದು ಎಸೆದ ದಿಂಡು ಮಾತ್ರ ಕರುಳಿನಲ್ಲಿ ಬಿರಡೆಯಂತೆ ಕೂರುತ್ತದೆ, ಕೊಯ್ದು ತೆಗೆಯದೆ ಹೊರಬರುವುದು ಅಪರೂಪ. ಬೆಂದ ಕೋಳಿಮೂಳೆ ಸೀಳಿ ಚುಚ್ಚುತ್ತದೆ. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳವನ್ನು "ನಾಯಿಗಾದರೂ ಆಗಲಿ" ಎಂದು ಹಾಕುವ ರೂಢಿ ಎಲ್ಲಕ್ಕಿಂತ ಕೆಟ್ಟದ್ದು. ಆ ಬೂಷ್ಟಿನ ಅಫ್ಲಟಾಕ್ಸಿನ್ ಯಕೃತ್ತನ್ನೇ ತಿನ್ನುತ್ತದೆ. 2005ರ ಕೊನೆಯಲ್ಲಿ ಅಮೆರಿಕದಲ್ಲಿ ಅಂಥ ಮೆಕ್ಕೆಜೋಳ ಸೇರಿದ ನಾಯಿ ಆಹಾರ ತಿಂದು ಹತ್ತಾರು ನಾಯಿಗಳು ಸತ್ತವು. ಮನುಷ್ಯ ತಿನ್ನಲಾಗದ ಕಾಳು ನಾಯಿಗೂ ಬೇಡ.

ಹಾಗಾದರೆ ಏನು ಕೊಡಬೇಕು? ನಮ್ಮ ಕುರಿಗಾಹಿಗಳ ನಾಯಿಗಳು ರೊಟ್ಟಿ, ಮುದ್ದೆ, ಮಜ್ಜಿಗೆಯಲ್ಲೇ ಬೆಳೆದವು. ಅದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ತಂಡ 2013ರಲ್ಲಿ ತೋರಿಸಿದಂತೆ, ಪಿಷ್ಟ ಅರಗಿಸುವ ಜೀನು ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತು. ಮನುಷ್ಯನ ಒಲೆಯ ಬಳಿ ಕೂತು ಕೂತು ನಾಯಿ ರೊಟ್ಟಿ ತಿನ್ನುವ ಪ್ರಾಣಿಯಾಗಿದೆ. ರೊಟ್ಟಿ ಒಂದೇ ಸಾಲದು: ಬೇಯಿಸಿದ ಮೊಟ್ಟೆ, ಮೂಳೆ ಬಿಡಿಸಿದ ಕೋಳಿ, ಬೆಂದ ಹೆಸರುಬೇಳೆ, ಕುಂಬಳಕಾಯಿ, ಗಜ್ಜರಿ, ಬೀಜ ತೆಗೆದ ಕಲ್ಲಂಗಡಿ ಇವೆಲ್ಲ ಆಗುತ್ತವೆ. ಮಾಡಬೇಕಾದ ಕೆಲಸ ಸಣ್ಣದು. ಬೇಳೆ ಬೆಂದಾಗ, ಮಾಂಸ ಬೆಂದಾಗ, ಒಗ್ಗರಣೆ ಬೀಳುವ ಮುಂಚೆ ನಾಯಿಯ ಪಾಲು ಒಂದು ಬಟ್ಟಲಿಗೆ ತೆಗೆದಿಡಬೇಕು.

ತಪ್ಪಿ ತಿಂದೇಬಿಟ್ಟಿತು ಅನ್ನಿ. ವಾಂತಿಯಾಗಲಿ ಎಂದು ಉಪ್ಪುನೀರು ಕುಡಿಸಬೇಡಿ. ರಕ್ತದಲ್ಲಿ ಉಪ್ಪೇರಿ ಅದರಿಂದಲೇ ನಾಯಿ ಸಾಯಬಹುದು. ಏನು ತಿಂದಿತು, ಎಷ್ಟು, ಎಷ್ಟು ಹೊತ್ತಾಯಿತು, ನಾಯಿಯ ತೂಕ ಎಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಲಕ್ಷಣಕ್ಕೆ ಕಾಯದೆ, ಒಂದೆರಡು ತಾಸಿನೊಳಗೆ ತಾಲ್ಲೂಕಿನ ಪಶು ಆಸ್ಪತ್ರೆ ಮುಟ್ಟಿಸಿ.