ಧ್ಯೇಯಸಂಸ್ಥೆಗಳೂ ನಾಯಕರ ಆಯ್ಕೆಯೂ

ಒಂದು ಸೇವಾಸಂಸ್ಥೆಯ ಉದ್ದೇಶಗಳನ್ನು ತಿಳಿಯಬೇಕೆಂಬವರು ಅದರ ವಾರ್ಷಿಕ ವರದಿಯನ್ನು ಓದುತ್ತಾರೆ. ಅದರ ಸ್ವಭಾವವನ್ನು ತಿಳಿಯಬೇಕೆಂಬವರು ಅದು ತನ್ನ ಮುಖ್ಯಸ್ಥನನ್ನು ಯಾವ ಬಗೆಯಿಂದ ಆರಿಸಿತು, ಯಾವ ಬಗೆಯಿಂದ ಬೀಳ್ಕೊಟ್ಟಿತು ಎಂಬುದನ್ನು ನೋಡಬೇಕಾಗುತ್ತದೆ. ಈ ದೃಷ್ಟಿಯಿಂದ ಮೂರು ಬರಹಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ: ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ನಿಯಮಾವಳಿ, ಗಾಂಧೀಜಿಯವರ ಆತ್ಮಕಥೆಯಲ್ಲಿ ಆ ಸೊಸೈಟಿಯನ್ನು ಕುರಿತ ಪ್ರಕರಣಗಳು, 2005ರಲ್ಲಿ ಪ್ರಕಟವಾದ ವರ್ಗೀಸ್ ಕುರಿಯನ್ನರ ‘ಐ ಟೂ ಹ್ಯಾಡ್ ಎ ಡ್ರೀಮ್’ ಎಂಬ ಆತ್ಮವೃತ್ತ.

ಗೋಖಲೆಯವರ ನಿಯಮಾವಳಿಗೆ ಹಿನ್ನೆಲೆಯೊಂದುಂಟು. 1884ರಲ್ಲಿ ಹುಟ್ಟಿದ ಡೆಕ್ಕನ್ ಎಜ್ಯುಕೇಶನ್ ಸೊಸೈಟಿಯಲ್ಲಿ ಅವರು ಆಜೀವ ಸದಸ್ಯರಾಗಿದ್ದರು; ಹಲವು ವರ್ಷಗಳ ಸೇವೆಯ ಬಳಿಕ 1902ರಲ್ಲಿ ನಿವೃತ್ತರಾದರು. ಅದೇ ಸಂಸ್ಥೆಯನ್ನು ಲೋಕಮಾನ್ಯ ತಿಲಕರು 1890ರಲ್ಲಿ ತ್ಯಜಿಸಿದುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಸಂಬಳ ಮತ್ತು ಹೊರಗಿನ ಸಂಪಾದನೆಯ ಪ್ರಶ್ನೆ. ಆಜೀವ ಸದಸ್ಯನಾದವನು ಸಂಸ್ಥೆ ಕೊಟ್ಟಷ್ಟರಲ್ಲಿಯೇ ತೃಪ್ತನಾಗಿ ತನ್ನ ಸಮಸ್ತ ಶಕ್ತಿಯನ್ನೂ ಅದಕ್ಕೇ ಅರ್ಪಿಸತಕ್ಕದ್ದೆಂದು ತಿಲಕರು ಹಟ ಹಿಡಿದರು. ಸಂಸಾರಿಗಳಾದ ಸಹೋದ್ಯೋಗಿಗಳಿಗೆ ಅದು ಒಪ್ಪಿಗೆಯಾಗಲಿಲ್ಲ. ಧ್ಯೇಯವಾದಿಗೆ ಎಷ್ಟು ವೇತನ ಸಲ್ಲತಕ್ಕದ್ದು ಎಂಬ ಇಂದಿನ ಚರ್ಚೆ ಹೊಸದೆಂದು ತಿಳಿದವರು ಈ ಜಗಳದ ಕಥೆಯನ್ನು ಓದಬೇಕು.

1905ರ ನಿಯಮಾವಳಿಯಲ್ಲಿ ಈ ಜಗಳದ ಪಾಠ ಸ್ಪಷ್ಟವಾಗಿ ಮೂಡಿದೆ. ಸೇರುವವನು ಏಳು ಪ್ರತಿಜ್ಞೆಗಳನ್ನು ಕೈಕೊಳ್ಳಬೇಕು. ಸೊಸೈಟಿ ತನಗೂ ತನ್ನ ಕುಟುಂಬಕ್ಕೂ ಮಾಡುವ ಏರ್ಪಾಡಿನಲ್ಲಿ ತೃಪ್ತನಾಗಿರುವೆನು, ಹಣ ಗಳಿಸಲು ಶಕ್ತಿಯನ್ನು ವ್ಯಯಿಸಲಾರೆನು ಎಂಬುದು ಅವುಗಳಲ್ಲೊಂದು. ತರುವಾಯ ಐದು ವರ್ಷಗಳ ಶಿಕ್ಷಣ. ಆ ಅವಧಿಯಲ್ಲಿ ಅನುಮತಿಯಿಲ್ಲದೆ ಸಾರ್ವಜನಿಕ ಭಾಷಣವಿಲ್ಲ, ಪತ್ರಿಕೆಗಳಿಗೆ ಬರೆಯುವಂತಿಲ್ಲ. ಇಷ್ಟು ಕಠಿನವಾದ ಬಾಗಿಲನ್ನು ದಾಟಿ ಬಂದವರಲ್ಲಿ ಮದ್ರಾಸಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ಶ್ರೀನಿವಾಸ ಶಾಸ್ತ್ರಿಗಳೂ ಇದ್ದರು, ಆದಿವಾಸಿಗಳ ಸೇವೆಯಲ್ಲಿ ಆಯುಷ್ಯವನ್ನು ಸವೆಸಿದ ಠಕ್ಕರ್ ಬಾಪಾ ಅವರೂ ಇದ್ದರು. ಆಯ್ಕೆಯ ಪದ್ಧತಿ ಫಲಕೊಟ್ಟಿತೆಂಬುದರಲ್ಲಿ ಸಂಶಯವಿಲ್ಲ.

ಆದರೆ ಮೊದಲನೆಯ ಸದಸ್ಯನನ್ನು ಕುರಿತ ಭಾಗಕ್ಕೆ ಬಂದೊಡನೆ ನಿಯಮಾವಳಿಯ ಧ್ವನಿಯೇ ಬದಲಾಗುತ್ತದೆ. ಆತನ ಅಧಿಕಾರ ಜೀವಮಾನಪರ್ಯಂತ. ಹೊಸಬನ ಮೌನಕ್ಕೆ ವರ್ಷಗಳ ಲೆಕ್ಕವುಂಟು. ಅಧ್ಯಕ್ಷಪೀಠಕ್ಕೆ ಅಂತಹ ಲೆಕ್ಕವಿಲ್ಲ. ಗೋಖಲೆಯವರ ವಿಷಯದಲ್ಲಿ ಇದು ಬಾಧಕವಾಗಲಿಲ್ಲ. ಅವರು 1915ರ ಫೆಬ್ರವರಿಯಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಶಾಸ್ತ್ರಿಗಳು 1915ರಿಂದ 1927ರ ವರೆಗೆ, ಸ್ಥಾಪಕ ಸದಸ್ಯರಾದ ದೇವಧರರು 1935ರ ವರೆಗೆ ಅಧ್ಯಕ್ಷರಾಗಿದ್ದರು. 1936ರಲ್ಲಿ ಪೀಠವೇರಿದ ಹೃದಯನಾಥ ಕುಂಜ್ರೂ ಅವರು 1978ರಲ್ಲಿ ಮರಣಹೊಂದುವವರೆಗೂ ಅಲ್ಲಿಯೇ ಇದ್ದರು. ಕುಂಜ್ರೂ ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸುವಂತಿಲ್ಲ; ಅಷ್ಟು ಶುದ್ಧವಾದ ಸಾರ್ವಜನಿಕ ಜೀವನ ವಿರಳ. ಆದರೂ ನಾಲ್ವತ್ತೆರಡು ವರ್ಷಗಳೆಂದರೆ, ಅವರ ಅಧ್ಯಕ್ಷತೆಯ ಮೊದಲಲ್ಲಿ ಸೇರಿದ ತರುಣನು ಬೇರೊಬ್ಬ ಅಧ್ಯಕ್ಷನನ್ನು ಕಾಣುವಷ್ಟರಲ್ಲಿ ಮುದುಕನಾಗಿರುತ್ತಾನೆ.

ಈ ಬಾಗಿಲಿನಿಂದ ಹಿಂದಿರುಗಿದವರಲ್ಲಿ ಗಾಂಧೀಜಿಯವರೊಬ್ಬರು. ದಕ್ಷಿಣ ಆಫ್ರಿಕೆಯಿಂದ ಮರಳಿದ ಅವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಬೇಕೆಂಬುದು ಗೋಖಲೆಯವರ ಇಚ್ಛೆಯಾಗಿತ್ತು. ಅವರ ಮರಣಾನಂತರ ಅರ್ಜಿ ಮುಂದೆ ಬಂದಾಗ ಸದಸ್ಯರಲ್ಲಿ ಎರಡು ಪಕ್ಷಗಳಾದವು. ಗಾಂಧೀಜಿ ತಾವಾಗಿಯೇ ಅರ್ಜಿಯನ್ನು ಹಿಂತೆಗೆದುಕೊಂಡರು. ಆತ್ಮಕಥೆಯಲ್ಲಿ ಈ ಪ್ರಸಂಗವು ಕಹಿಯ ಲೇಶವೂ ಇಲ್ಲದೆ ಬಂದಿದೆ. ವಿರೋಧಿಸಿದವರನ್ನು ಸಂಕುಚಿತಮನಸ್ಕರೆಂದು ಬಗೆಯುವುದು ಸುಲಭ. ನನ್ನ ಮತ ಅದಲ್ಲ. ಗಾಂಧೀಜಿಯವರ ಮಾರ್ಗ ಬೇರೆ, ಸೊಸೈಟಿಯ ಮಾರ್ಗ ಬೇರೆ ಎಂಬುದನ್ನು ಅವರು ಸರಿಯಾಗಿಯೇ ಗ್ರಹಿಸಿದ್ದರು. ಕೀರ್ತಿವಂತನಾದ ಅಭ್ಯರ್ಥಿಗೆ ‘ನೀವು ನಮ್ಮವರಲ್ಲ’ ಎನ್ನುವ ಧೈರ್ಯ ಇಂದಿನ ಎಷ್ಟು ಆಡಳಿತ ಮಂಡಲಿಗಳಿಗಿದೆ? ಆದರೆ ಭಿನ್ನಮಾರ್ಗದವನನ್ನು ಹೊರಗಿಟ್ಟ ಪದ್ಧತಿಯು, ಒಳಗಿದ್ದವರ ಮಾರ್ಗವನ್ನು ಮತ್ತೊಮ್ಮೆ ಪರೀಕ್ಷಿಸಲು ಏನನ್ನೂ ಏರ್ಪಡಿಸಲಿಲ್ಲ.

ಆಜೀವ ಸದಸ್ಯತ್ವದ ಈ ಪದ್ಧತಿ ಕನ್ನಡನಾಡಿಗೆ ಅಪರಿಚಿತವಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ, ‘ಸಪ್ತರ್ಷಿ’ಗಳೆಂದು ಜನ ಕರೆಯುವ ಏಳು ಮಂದಿ ಪದವೀಧರರ ಕಥೆ ನಮ್ಮ ವಾಚಕರಿಗೆ ತಿಳಿದುದೇ ಆಗಿದೆ. ಅದನ್ನು ಪ್ರತ್ಯೇಕವಾಗಿಯೇ ಬರೆಯಬೇಕು.

ಕುರಿಯನ್ನರ ಪುಸ್ತಕವು ಬೇರೆಯೇ ಜಗತ್ತಿನದು. ಇಲ್ಲಿ ಪ್ರತಿಜ್ಞೆಯಿಲ್ಲ. ಸರಕಾರದ ವಿದ್ಯಾರ್ಥಿವೇತನದಿಂದ ಅಮೇರಿಕೆಯಲ್ಲಿ ಓದಿದ ಇಂಜಿನಿಯರೊಬ್ಬನು ಕರಾರಿನ ಋಣ ತೀರಿಸಲು 1949ರಲ್ಲಿ ಮನಸ್ಸಿಲ್ಲದ ಮನಸ್ಸಿನಿಂದ ಆಣಂದಕ್ಕೆ ಬರುತ್ತಾನೆ. ಬಿಡುಗಡೆ ದೊರೆತು ಹೊರಡಲು ಸಿದ್ಧನಾದಾಗ ಖೇಡಾ ಹಾಲು ಉತ್ಪಾದಕರ ಸಂಘದ ತ್ರಿಭುವನದಾಸ ಪಟೇಲರು, ಯಂತ್ರಗಳನ್ನು ಸರಿಪಡಿಸುವವರೆಗಾದರೂ ಇರೆಂದು ತಡೆಯುತ್ತಾರೆ. ಹಾಗೆ ನಿಂತವರು ನಿಂತೇಬಿಟ್ಟರು. ಪುಸ್ತಕದ ಅತ್ಯುತ್ತಮ ಭಾಗ ಇದೇ. ನೇಮಕದ ಕಲೆಯಲ್ಲಿ ಪಟೇಲರನ್ನು ಮೀರಿಸಿದವರನ್ನು ನಾನು ಕಾಣೆ: ಯೋಗ್ಯನನ್ನು ಗುರುತಿಸಿದರು, ಸಣ್ಣ ಕೆಲಸವೊಂದನ್ನು ಒಪ್ಪಿಸಿದರು, ಬಳಿಕ ಆತನ ದಾರಿಗೆ ಅಡ್ಡ ಬರಲಿಲ್ಲ. ಅವರು ರೈತರ ನಾಯಕರಾಗಿಯೇ ಉಳಿದು ಆಡಳಿತವನ್ನು ತಜ್ಞನಿಗೆ ಬಿಟ್ಟುಕೊಟ್ಟುದು ಆಮುಲ್‌ನ ಬೆಳವಣಿಗೆಗೆ ಆಧಾರವಾಯಿತು.

ಹೀಗೆ ಆಯ್ಕೆಗೊಂಡವರು ತಾವು ಪೀಠದಲ್ಲಿದ್ದಾಗ ಮಾಡಿದುದೇನು? 1965ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಲಿಗೆ ಕುರಿಯನ್ನರು 1998ರ ವರೆಗೆ, ಅಂದರೆ ಮೂವತ್ತಮೂರು ವರ್ಷ ಅಧ್ಯಕ್ಷರಾಗಿದ್ದರು. ಮುಂದಿನ ಪೀಳಿಗೆಯ ಚಿಂತೆ ಅವರಿಗಿರಲಿಲ್ಲವೆಂದಲ್ಲ; 1979ರಲ್ಲಿ ಆಣಂದದಲ್ಲಿ ಗ್ರಾಮೀಣ ಆಡಳಿತ ಶಿಕ್ಷಣಕ್ಕೆಂದೇ ವಿದ್ಯಾಲಯವನ್ನು ತೆರೆದರು. ತಮ್ಮ ಉತ್ತರಾಧಿಕಾರಿಯಾಗಿ ಅಮೃತಾ ಪಟೇಲರು ಬರಬೇಕೆಂಬುದೂ ಅವರ ಅಪೇಕ್ಷೆಯೇ ಆಗಿತ್ತು. ಆದರೆ ರಾಜ್ಯ ಒಕ್ಕೂಟಗಳೊಡನೆ ಜಂಟಿ ಕಂಪನಿಗಳನ್ನು ಮಾಡುವ ವಿಚಾರದಲ್ಲಿ ಆಕೆ ಬೇರೆ ದಾರಿ ಹಿಡಿದಾಗ ಹಿರಿಯರು ಬಹಿರಂಗವಾಗಿಯೇ ವಿರೋಧಿಸಿದರು. ಅಲ್ಲಿಯವರೆಗೆ ಲವಲವಿಕೆಯಿಂದ ಸಾಗಿದ ಬರವಣಿಗೆ ಈ ಭಾಗದಲ್ಲಿ ವಾದಿಯ ಅಹವಾಲಿನಂತಾಗುತ್ತದೆ. ಸಹಕಾರ ತತ್ತ್ವವನ್ನು ಕುರಿತ ಅವರ ವಾದದಲ್ಲಿ ಹುರುಳಿದೆ. ಆದರೆ ತನ್ನ ನಂತರ ಬಂದವರಿಗೆ ತಪ್ಪುಮಾಡುವ ಅಧಿಕಾರವೂ ಉಂಟೇ ಎಂಬ ಪ್ರಶ್ನೆಯನ್ನು ಲೇಖಕರು ಎತ್ತುವುದೇ ಇಲ್ಲ. ಪುಸ್ತಕ ಪ್ರಕಟವಾದ ಮರುವರ್ಷ, 2006ರಲ್ಲಿ, ಒಳಜಗಳದ ನಡುವೆ ಅವರು ಗುಜರಾತ್ ಹಾಲು ಮಾರಾಟ ಒಕ್ಕೂಟದ ಅಧ್ಯಕ್ಷತೆಯನ್ನೂ ಬಿಡಬೇಕಾಯಿತು.

ಇಂದು ಗಾಳಿ ಬೇರೆ ದಿಕ್ಕಿನಿಂದ ಬೀಸುತ್ತಿದೆ. 2013ರ ಕಂಪನಿ ಕಾಯಿದೆಯು ನಿರ್ದಿಷ್ಟ ಗಾತ್ರದ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿದ ಮೇಲೆ ಹಣದೊಡನೆ ಕಂಪನಿಯ ಭಾಷೆಯೂ ಸೇವಾಸಂಸ್ಥೆಗಳನ್ನು ಪ್ರವೇಶಿಸಿದೆ. ಮುಖ್ಯಸ್ಥರನ್ನು ಹುಡುಕಿಕೊಡುವ ಏಜೆನ್ಸಿಗಳುಂಟು. ಜಾಹೀರಾತುಗಳಲ್ಲಿ ಅನುಭವದ ವರ್ಷಗಳು, ದೇಣಿಗೆ ಸಂಗ್ರಹದ ಸಾಮರ್ಥ್ಯ ಮೊದಲು ಬರುತ್ತವೆ. ಧ್ಯೇಯನಿಷ್ಠೆ ಕೊನೆಯ ಸಾಲಿನಲ್ಲಿ ಬರುತ್ತದೆ. ಹಳಬರು ಇದನ್ನು ಕಂಡು ಮೂಗು ಮುರಿಯುತ್ತಾರೆ. ನಾನು ಮುರಿಯಲಾರೆ. ಅಲ್ಪವೇತನದ ವ್ರತವು ಅನೇಕ ವೇಳೆ ಮನೆಯಲ್ಲಿ ಆಸ್ತಿಯಿದ್ದವರಿಗೆ ಮಾತ್ರ ಸಾಧ್ಯವಾಗಿತ್ತೆಂಬುದನ್ನು ನಾವು ಮರೆಯುತ್ತೇವೆ. ಹೊಸ ಜಾಹೀರಾತಿನಲ್ಲಿ ಅವಧಿಯೆಂಬುದೊಂದಿರುತ್ತದೆ, ಕೆಲಸದ ಪರಿಶೀಲನೆ ಇರುತ್ತದೆ. 1905ರ ನಿಯಮಾವಳಿಯಲ್ಲಿ ಇಲ್ಲದ್ದು ಇದೇ.

ಇದನ್ನೆಲ್ಲ ಬರೆಯಲು ಪ್ರೇರಣೆ ಪುಸ್ತಕಗಳಿಂದಷ್ಟೇ ಬಂದುದಲ್ಲ. ನಾನು ಬಹುಕಾಲದಿಂದ ಸದಸ್ಯನಾಗಿರುವ, ಹೊರನಾಡಿನ ಒಂದು ಕನ್ನಡ ಸಂಘದಲ್ಲಿ ಇಪ್ಪತ್ತೆರಡು ವರ್ಷ ಒಬ್ಬರೇ ಕಾರ್ಯದರ್ಶಿಗಳಾಗಿದ್ದರು. ನಿಸ್ಪೃಹರು, ಸಂಘದ ಕೆಲಸಕ್ಕೆ ಟ್ರಾಮು ರೈಲುಗಳ ಖರ್ಚನ್ನೂ ಕೇಳಿದವರಲ್ಲ. ಅವರು ಹಾಸಿಗೆ ಹಿಡಿದಾಗ ಸದಸ್ಯರ ಪಟ್ಟಿಯೂ ಲೆಕ್ಕದ ಪುಸ್ತಕಗಳೂ ಅವರ ಮನೆಯ ಟ್ರಂಕಿನಲ್ಲಿವೆಯೆಂದು ತಿಳಿಯಿತು. ಬೀಗದಕೈ ಎಲ್ಲಿದೆಯೆಂದು ಅವರಿಗೇ ನೆನಪಿರಲಿಲ್ಲ. ಆ ವರ್ಷ ರಾಜ್ಯೋತ್ಸವ ನಡೆಯಲಿಲ್ಲ. ನಾವು ಅವರನ್ನು ಪ್ರತಿವರ್ಷವೂ ಚಪ್ಪಾಳೆ ತಟ್ಟಿ ಮರುನೇಮಿಸಿದವರೇ ಆಗಿದ್ದುದರಿಂದ ಯಾರನ್ನೂ ದೂರುವಂತಿರಲಿಲ್ಲ. ‘ಉತ್ತರಾಧಿಕಾರಿಯು ಚುನಾಯಿತನಾಗುವವರೆಗೆ ಹಿಂದಿನವರೇ ಮುಂದುವರಿಯತಕ್ಕದ್ದು’ ಎಂಬ ವಾಕ್ಯ ಸಂಘದ ನಿಬಂಧನೆಯಲ್ಲಿದೆ. ಅದನ್ನು ತೆಗೆದು ಮೂರು ವರ್ಷಗಳ ಎರಡು ಅವಧಿಗಳೆಂದು ಬರೆಯಬೇಕೆಂಬ ಸೂಚನೆ ಈ ಸಲದ ಮಹಾಸಭೆಯ ಮುಂದಿದೆ. ಸೂಚಕರು ಆ ಕಾರ್ಯದರ್ಶಿಗಳ ಮಗಳು; ಅನುಮೋದಕನಾಗಿ ನಾನು ಸಹಿ ಹಾಕಿದ್ದೇನೆ.