ಎತ್ತು ಈಯಿತು ಎಂದವರು ಯಾರು?

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದನಂತೆ. ಈ ಗಾದೆ ಹೇಳಿ ನಾವೆಲ್ಲ ನಗುವುದು ಕೊಟ್ಟಿಗೆಗೆ ಕಟ್ಟು ಅಂದವನನ್ನು ನೋಡಿ. ಎತ್ತು ಈಯಿತು ಅಂತ ಮೊದಲು ಹೇಳಿದವನು ಯಾರು, ಯಾಕೆ ಹೇಳಿದ, ಅದರಿಂದ ಅವನಿಗೇನು ಲಾಭ ಅಂತ ಗಾದೆ ಕೇಳುವುದಿಲ್ಲ. ಫೇಸ್‌ಬುಕ್ಕು, ವಾಟ್ಸಾಪುಗಳಲ್ಲಿ ಹರಿಯುವ ಸುಳ್ಳು ಸುದ್ದಿಗೂ ಪಕ್ಷನಿಷ್ಠೆಗೂ ಇರುವ ನಂಟಿನ ಬಗ್ಗೆ ಇವತ್ತು ವಿಶ್ವವಿದ್ಯಾಲಯಗಳಲ್ಲಿ ರಾಶಿರಾಶಿ ಸಂಶೋಧನೆ ನಡೆದಿದೆ. ಅವುಗಳಲ್ಲಿ ಕೆಲವನ್ನು ಎದುರಿಗಿಟ್ಟುಕೊಂಡು ಈ ಮಾತು ಬರೆಯುತ್ತಿದ್ದೇವೆ. ಈ ಸಂಶೋಧನೆಯಲ್ಲಿ ಬಹುಪಾಲು ಆ ಗಾದೆಯ ಹಾಗೇ ಇದೆ ಎಂಬುದು ನಮ್ಮ ತಕರಾರು. ನಂಬಿದವನ ತಲೆಯನ್ನು ಅದು ಅಳೆಯುತ್ತದೆ. ಸುಳ್ಳು ಯಾರದು, ಯಾರ ಮೇಲೆ ಎಂದು ಕೇಳುವುದು ಕಡಿಮೆ.

ಮೊದಲು ಸಲ್ಲಬೇಕಾದ ಮರ್ಯಾದೆ ಸಲ್ಲಿಸೋಣ. 2018ರಲ್ಲಿ ಅಮೆರಿಕದ ಎಂ.ಐ.ಟಿ.ಯ ವೊಸೂಗಿ, ರಾಯ್, ಅರಾಲ್ ಎಂಬ ಮೂವರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಲೆಕ್ಕ ಪ್ರಕಟಿಸಿದರು. 2006ರಿಂದ 2017ರವರೆಗೆ ಟ್ವಿಟರಿನಲ್ಲಿ ಸುಮಾರು 30 ಲಕ್ಷ ಜನ 45 ಲಕ್ಷಕ್ಕೂ ಹೆಚ್ಚು ಸಲ ದಾಟಿಸಿದ ಸುಮಾರು 1,26,000 ಸುದ್ದಿಯ ಸರಣಿಗಳನ್ನು ಅವರು ಹಿಂಬಾಲಿಸಿದ್ದರು. ನಿಜವಾದ ಸುದ್ದಿಗಿಂತ ಸುಳ್ಳನ್ನು ಜನ ಮುಂದಕ್ಕೆ ದಾಟಿಸುವ ಸಾಧ್ಯತೆ ಶೇ. 70ರಷ್ಟು ಹೆಚ್ಚು ಎಂದು ಕಂಡುಬಂತು. ಯಂತ್ರ ನಡೆಸುವ ಖಾತೆಗಳನ್ನು ತೆಗೆದುಹಾಕಿ ಲೆಕ್ಕ ಮಾಡಿದರೂ ಫಲಿತಾಂಶ ಬದಲಾಗಲಿಲ್ಲ. ಸುಳ್ಳನ್ನು ಹೊತ್ತು ಓಡುತ್ತಿದ್ದವನು ಮನುಷ್ಯನೇ.

ಮರುವರ್ಷ, 2019ರಲ್ಲಿ, ಗ್ರಿನ್‌ಬರ್ಗ್ ಮತ್ತು ಸಂಗಡಿಗರು ಅಮೆರಿಕದ 2016ರ ಚುನಾವಣೆಯ ಕಾಲದ 16,442 ಮತದಾರರ ಟ್ವಿಟರ್ ಖಾತೆಗಳನ್ನು ಪರೀಕ್ಷಿಸಿದರು. ಹರಡಿದ ಸುಳ್ಳು ಸುದ್ದಿಯಲ್ಲಿ ಹೆಚ್ಚುಕಡಿಮೆ ಶೇ. 80ರಷ್ಟು ಬಂದದ್ದು ಎಷ್ಟು ಜನರಿಂದ ಗೊತ್ತೆ? ಶೇ. 0.1ರಷ್ಟು ಜನರಿಂದ. ಅಂದರೆ ಸಾವಿರಕ್ಕೆ ಒಬ್ಬ! ಇಂಥ ಸುದ್ದಿಯ ಸಹವಾಸ ಹೆಚ್ಚಾಗಿ ಇದ್ದದ್ದು ಸಂಪ್ರದಾಯವಾದಿ ಒಲವಿನವರಲ್ಲಿ, ವಯಸ್ಸಾದವರಲ್ಲಿ, ಹಗಲೂ ರಾತ್ರಿ ರಾಜಕೀಯ ಸುದ್ದಿಯಲ್ಲೇ ಮುಳುಗಿದವರಲ್ಲಿ. ಈ ಕೊನೆಯ ಮಾತನ್ನು ಗೆಳೆಯರು ಗಮನಿಸಬೇಕು. ಸುದ್ದಿ ಗೊತ್ತಿಲ್ಲದವರು ಸುಳ್ಳು ಹರಡುತ್ತಾರೆ ಅಂತ ನಮಗೆ ಹೇಳಿಕೊಡಲಾಗಿದೆ. ಲೆಕ್ಕ ಹೇಳುವುದೇ ಬೇರೆ.

ಇಷ್ಟು ಒಪ್ಪಿಕೊಂಡ ಮೇಲೆ ತಕರಾರಿಗೆ ಬರೋಣ. ಎಂ.ಐ.ಟಿ.ಯವರು ಎಣಿಸಿದ್ದು ಆರು ಸತ್ಯಶೋಧಕ ಸಂಸ್ಥೆಗಳು ಪರೀಕ್ಷೆಗೆ ಎತ್ತಿಕೊಂಡ ಸುದ್ದಿಗಳನ್ನು. ಈ ಕೊರತೆ ತಿಳಿದೇ ಅವರು ವಿದ್ಯಾರ್ಥಿಗಳಿಂದ ಗುರುತು ಹಾಕಿಸಿದ ಇನ್ನೊಂದು ಮಾದರಿಯನ್ನೂ ನೋಡಿದರು. ಅದು ಅವರ ಪ್ರಾಮಾಣಿಕತೆ. ಆದರೆ ಎರಡರಲ್ಲೂ ಸುಳ್ಳು ಅಂದರೆ ಒಂದು ದಿನ ಹುಟ್ಟಿ ಇನ್ನೊಂದು ದಿನ ಸಾಯುವ ಸುದ್ದಿ. ನಮ್ಮ ದೇಶದ ದೊಡ್ಡ ಸುಳ್ಳುಗಳು ಅಂಥವಲ್ಲ. ಮುಟ್ಟಿದರೆ ಮೈಲಿಗೆ ಎಂಬ ಮಾತನ್ನು ಯಾವ ಫೋನೂ ಇಲ್ಲದೆ ಅಪ್ಪ ಮಗನಿಗೆ, ಮಗ ಮೊಮ್ಮಗನಿಗೆ ದಾಟಿಸುತ್ತ ಬಂದ. ಅದನ್ನು ಯಾವ ಸಂಸ್ಥೆಯೂ 'ಸುಳ್ಳು' ಅಂತ ಚೀಟಿ ಅಂಟಿಸಿ ಎಣಿಸಲಿಲ್ಲ. ಈ ಹಳೆಯ ಸುಳ್ಳೇ ನೆಲ. ವಾಟ್ಸಾಪಿನ ಹೊಸ ಸುಳ್ಳು ಆ ನೆಲದಲ್ಲಿ ಬಿದ್ದ ಬೀಜ. ಬೀಜ ಎಣಿಸಿ ನೆಲವನ್ನು ಬಿಟ್ಟರೆ ಬೆಳೆ ಹೇಗೆ ಅರ್ಥವಾದೀತು?

ಒಂದು ಉದಾಹರಣೆ. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ನಾಥಪಂಥಿ ದವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದ ಐವರನ್ನು ಮಕ್ಕಳ ಕಳ್ಳರೆಂದು ಹೊಡೆದು ಕೊಂದರು. ಅದೇ ತಿಂಗಳ 13ರಂದು ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದ ಒಬ್ಬ ಯುವ ಇಂಜಿನಿಯರನ್ನು ಇದೇ ಗುಲ್ಲಿನ ಮೇಲೆ ಕೊಂದರು. ವಾಟ್ಸಾಪ್ ಕಂಪನಿ ಏನು ಮಾಡಿತು? ಇಂಡಿಯಾದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ದಾಟಿಸಬಹುದು ಅಂತ ಮಿತಿ ಹಾಕಿತು. ಮಿತಿ ಬೇಡ ಅಂತ ನಾವು ಹೇಳುವುದಿಲ್ಲ. ಆದರೆ ಮಕ್ಕಳ ಕಳ್ಳ ಎಂದೊಡನೆ ಭಿಕ್ಷೆಗೆ ಬಂದ ಅಲೆಮಾರಿಯ ಮುಖ ಯಾಕೆ ಕಣ್ಣಿಗೆ ಬಂತು? ಕೆಲವು ಸಮುದಾಯಗಳು ಹುಟ್ಟಾ ಕಳ್ಳರು ಎಂಬ ಸುಳ್ಳಿಗೆ ಬ್ರಿಟಿಷ್ ಸರ್ಕಾರ 1871ರಲ್ಲೇ ಕಾಯ್ದೆಯ ಮೊಹರು ಒತ್ತಿತ್ತು. 1952ರಲ್ಲಿ ಕಾಯ್ದೆ ಹೋಯ್ತು. ಗುಮಾನಿ ಉಳಿಯಿತು. ಸರ್ಕಾರವೇ ದಾಟಿಸಿದ ಸುಳ್ಳಿಗೆ ಮಿತಿ ಹಾಕುವವರು ಯಾರು?

ಯಂತ್ರ ಬರುವ ಮೊದಲು ಎಲ್ಲ ಸರಿಯಿತ್ತು ಅನ್ನುವವರು 2012ರ ಆಗಸ್ಟನ್ನು ನೆನೆಯಲಿ. ಹೊಡೆಯುತ್ತಾರಂತೆ ಎಂಬ ಗುಲ್ಲಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಾಟಿ ರೈಲು ಹತ್ತಿದರು. ಆಗ ಓಡಾಡಿದ್ದು ಬಾಯಿಮಾತು ಮತ್ತು ಎಸ್ಸೆಮ್ಮೆಸ್ಸು. ಓಡಿದವರಲ್ಲಿ ಓದಲು ಬಂದ ಹುಡುಗರಿದ್ದರು, ಕಟ್ಟಡಗಳ ಕಾವಲು ಕಾಯುತ್ತಿದ್ದವರಿದ್ದರು. ಮುಖ ನೋಡಿ 'ನೀವು ನಮ್ಮವರಲ್ಲ' ಅಂತ ದಿನವೂ ಹೇಳಿಸಿಕೊಂಡವರಿಗೆ ಆ ಗುಲ್ಲು ಸುಳ್ಳೆಂದು ತೋರಲು ಕಾರಣವೇ ಇರಲಿಲ್ಲ.

ಹಾಗಾದರೆ ಹರಡುವವರು ಯಾರು? ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಶಕುಂತಲಾ ಬಾನಾಜಿ, ರಾಮ್ ಭಟ್ ಮತ್ತು ಸಂಗಡಿಗರು ಕರ್ನಾಟಕ, ಮಹಾರಾಷ್ಟ್ರ, ಮಧ್ಯಪ್ರದೇಶ, ಉತ್ತರಪ್ರದೇಶಗಳಲ್ಲಿ ಜನರನ್ನು ಮಾತಾಡಿಸಿ 2019ರಲ್ಲಿ ವರದಿ ಕೊಟ್ಟರು. ಗುಂಪುಹಿಂಸೆಗೆ ದಾರಿ ಮಾಡುವ ಸಂದೇಶಗಳ ಹಿಂದಿರುವುದು ಅಜ್ಞಾನಕ್ಕಿಂತ ಹೆಚ್ಚಾಗಿ ದಲಿತರು, ಮುಸ್ಲಿಮರು, ಆದಿವಾಸಿಗಳ ಮೇಲಿನ ಪೂರ್ವಗ್ರಹ ಎಂದರು. ಇಂಥದನ್ನು ಹಂಚುವ ಸಾಧ್ಯತೆ ಹೆಚ್ಚಾಗಿರುವುದು ಫೋನು ಬಳಸಲು ಚೆನ್ನಾಗಿ ಬಲ್ಲ ಮೇಲು ಮತ್ತು ಮಧ್ಯಮ ಜಾತಿಯ ಹಿಂದೂ ಗಂಡಸರಲ್ಲಿ ಎಂದರು. ಬಡವರು ಕಲ್ಲು ಎತ್ತುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಎತ್ತುತ್ತಾರೆ, ಜೈಲಿಗೂ ಹೋಗುತ್ತಾರೆ. ಆದರೆ ಸಂದೇಶ ತಯಾರಿಸಿದವನ ಮನೆ ಬಾಗಿಲಿಗೆ ಪೊಲೀಸು ಹೋಗುವುದು ಅಪರೂಪ. ಪತ್ರಿಕೆಯವರು ಮಾತ್ರ 'ಹಳ್ಳಿಗರ ಮೌಢ್ಯ' ಅಂತ ತಲೆಬರಹ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಇನ್ನು ಪಕ್ಷನಿಷ್ಠೆಯ ಮಾತು. 2019ರ ಲೋಕಸಭಾ ಚುನಾವಣೆಯ ಕಾಲದಲ್ಲಿ ಸುಮಿತ್ರಾ ಬದ್ರಿನಾಥನ್ ಬಿಹಾರದಲ್ಲಿ 1,224 ಜನರ ನಡುವೆ ಒಂದು ಪ್ರಯೋಗ ನಡೆಸಿದರು. ಕೆಲವರ ಮನೆಗೆ ಹೋಗಿ ಒಂದು ಗಂಟೆ ಕೂತು ಸುಳ್ಳು ಸುದ್ದಿ ಗುರುತಿಸುವ ಪಾಠ ಹೇಳಲಾಯಿತು. ಒಟ್ಟಾರೆ ಜನರಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಪಾಠ ಕೇಳಿದ ಆಳುವ ಪಕ್ಷದ ಬೆಂಬಲಿಗರಂತೂ ತಮ್ಮ ಪಕ್ಷಕ್ಕೆ ಹಿತವಾದ ಸುದ್ದಿಯಲ್ಲಿ ಸುಳ್ಳು ಗುರುತಿಸುವುದರಲ್ಲಿ ಮೊದಲಿಗಿಂತ ಹಿಂದೆ ಬಿದ್ದರು! ನಮ್ಮಲ್ಲಿ ಪಕ್ಷಗಳಿಗೆ ಸಿದ್ಧಾಂತದ ಗಟ್ಟಿ ಬೇರಿಲ್ಲ ಎಂದು ನಂಬಿದ್ದ ಪಂಡಿತರಿಗೆ ಇದು ಅಚ್ಚರಿ. ನಮಗೇನೂ ಅಚ್ಚರಿಯಿಲ್ಲ. ಇಲ್ಲಿ ಪಕ್ಷವೆಂದರೆ ಐದು ವರ್ಷಕ್ಕೊಮ್ಮೆ ಒತ್ತುವ ಗುಂಡಿಯಲ್ಲ. ಜಾತಿ, ಮಠ, ಕೇರಿ, ಜಮೀನು, ಸಾಲ ಎಲ್ಲ ಅದರೊಳಗೆ ಸೇರಿಕೊಂಡಿವೆ. 'ಇದು ಸುಳ್ಳು' ಅಂದರೆ 'ನಿಮ್ಮವರು ಸುಳ್ಳರು' ಅಂತ ಕೇಳಿಸುತ್ತದೆ. ಅಮೆರಿಕದ ಎರಡು ಪಕ್ಷಗಳ ಅಳತೆಗೋಲು ತಂದು ನಮ್ಮ ಊರಿಗೆ ಹಿಡಿದರೆ ಜಾತಿ ಅಳತೆಯ ಹೊರಗೇ ಉಳಿಯುತ್ತದೆ.

ಅಳತೆ ಮಾಡುವವರ ಕೈಯೂ ಈಗ ಕಟ್ಟಿದೆ. ಟ್ವಿಟರ್ ಮಾಲೀಕ ಬದಲಾದ ಮೇಲೆ, 2023ರಲ್ಲಿ, ಸಂಶೋಧಕರು ಪುಕ್ಕಟೆಯಾಗಿ ಮಾಹಿತಿ ಪಡೆಯುತ್ತಿದ್ದ ದಾರಿ ಮುಚ್ಚಿತು. 2024ರಲ್ಲಿ ಮೆಟಾ ಕಂಪನಿ ಕ್ರೌಡ್‌ಟ್ಯಾಂಗಲ್ ಎಂಬ ಉಪಕರಣವನ್ನು ನಿಲ್ಲಿಸಿತು. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಹೊರಗಿನ ಸತ್ಯಶೋಧಕರ ಕೆಲಸಕ್ಕೇ ಕೊನೆ ಹಾಡುವುದಾಗಿ ಸಾರಿತು. ಕೊಟ್ಟಿಗೆಯ ಬೀಗದ ಕೈ ಬಂಡವಾಳಗಾರನ ಸೊಂಟದಲ್ಲಿರುವಾಗ ಎತ್ತು ಈಯಿತೋ ಇಲ್ಲವೋ ಅಂತ ಹೊರಗೆ ನಿಂತವರು ಹೇಗೆ ನೋಡಬೇಕು? ಈ ಪ್ರಶ್ನೆ ಹೊಸದಲ್ಲ. ಪತ್ರಿಕೆಗಳು ಮೇಲ್ಜಾತಿಯವರ ಕೈಯಲ್ಲಿದ್ದ ಕಾಲದಲ್ಲಿ ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ಶುರುಮಾಡಿದ್ದು ಇದಕ್ಕೇ. ನಮ್ಮ ಬಗ್ಗೆ ಯಾರು ಮಾತಾಡುತ್ತಾರೆ ಎಂಬುದು ಮಾತು ನಿಜವೋ ಸುಳ್ಳೋ ಎಂಬಷ್ಟೇ ದೊಡ್ಡ ಪ್ರಶ್ನೆ.

ಹಾಗಂತ ಚಳವಳಿಗಾರರಿಗೆ ಇಲ್ಲಿ ರಿಯಾಯಿತಿ ಇಲ್ಲ. ಪಕ್ಷನಿಷ್ಠೆ ಕಣ್ಣು ಕಟ್ಟುವುದು ಎದುರಾಳಿಗೆ ಮಾತ್ರವಲ್ಲ. ಬಾಬಾಸಾಹೇಬರು ಎಂದೂ ಆಡದ ಮಾತನ್ನು ಅವರ ಚಿತ್ರದ ಕೆಳಗೆ ಅಚ್ಚು ಹಾಕಿ ದಾಟಿಸಿದರೆ ಅದೂ ಸುಳ್ಳೇ. ಬೆವರು ಸುರಿಸಿ ಪುಟಗಟ್ಟಲೆ ಆಧಾರ ಕೊಟ್ಟು ಬರೆದ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇಕೆ? ದೊಡ್ಡ ಯಂತ್ರ, ದೊಡ್ಡ ದುಡ್ಡು ಇರುವವರ ಎದುರು ಸುಳ್ಳಿನ ಸ್ಪರ್ಧೆಗೆ ಇಳಿದು ನಾವು ಗೆಲ್ಲುವುದಿಲ್ಲ. ಶೋಷಿತರ ಬಳಿ ಇರುವ ಆಯುಧ ನಿಜವೊಂದೇ. ಅದನ್ನು ಮೊಂಡು ಮಾಡಿಕೊಳ್ಳಬಾರದು.

ಕೊನೆಗೆ, ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಒಂದು ಗಂಟೆಯ ಪಾಠ ಸೋತ ಅದೇ ಬಿಹಾರದಲ್ಲಿ ಬದ್ರಿನಾಥನ್ ಮತ್ತು ಸಂಗಡಿಗರು ಮತ್ತೊಂದು ಪ್ರಯೋಗ ಮಾಡಿದರು. 583 ಹಳ್ಳಿಗಳ ಸುಮಾರು 13,500 ವಿದ್ಯಾರ್ಥಿಗಳ ನಡುವೆ, ನಾಲ್ಕು ತಿಂಗಳ ಪಾಠಕ್ರಮ. ಪಾಠ ಆರೋಗ್ಯದ ಸುಳ್ಳುಗಳ ಬಗ್ಗೆ. ಪಾಠ ಕಲಿತ ಮಕ್ಕಳು ನಿಜ, ಸುಳ್ಳು ಬೇರ್ಪಡಿಸುವುದರಲ್ಲಿ ಮುಂದಾದರು. ನಾಲ್ಕು ತಿಂಗಳು ಬಿಟ್ಟು ಕೇಳಿದಾಗಲೂ ಅದು ಉಳಿದಿತ್ತು, ರಾಜಕೀಯದ ಸುಳ್ಳಿಗೂ ಹಬ್ಬಿತ್ತು. ಅವರ ತಂದೆತಾಯಿಗಳೂ ಮನೆಯಲ್ಲೇ ಕಲಿತರು. 2025ರಲ್ಲಿ ಪ್ರಕಟವಾದ ಈ ಅಧ್ಯಯನ ನಮಗೆ ಭರವಸೆ ಕೊಡುತ್ತದೆ. ಬಂದು ಉಪದೇಶ ಮಾಡಿ ಜೀಪು ಹತ್ತಿ ಹೋಗುವವರಿಂದ ಆಗದ್ದು, ಜೊತೆಯಲ್ಲಿ ಕೂತು ತಿಂಗಳುಗಟ್ಟಲೆ ಕಲಿಸಿದರೆ ಆಗುತ್ತದೆ.

ಆದರೆ ಆ ಪಾಠದಲ್ಲಿ ಇನ್ನೆರಡು ಪ್ರಶ್ನೆ ಸೇರಿಸಬೇಕು ಅನ್ನುತ್ತೇವೆ. 'ಇದು ನಿಜವೋ ಸುಳ್ಳೋ' ಎಂದು ಕೇಳಲು ಕಲಿತ ಮಗುವಿಗೆ 'ಇದು ಯಾರ ಮೇಲೆ ಬಿಟ್ಟ ಮಾತು, ಇದರಿಂದ ಲಾಭ ಯಾರಿಗೆ' ಎಂದು ಕೇಳಲೂ ಕಲಿಸಿ. ಹಾಗೆ ಕೇಳುವ ಮಗುವಿಗೆ ಹೊಸ ಸುಳ್ಳಿನ ಜೊತೆ ಹಳೆಯ ಸುಳ್ಳೂ ಕಾಣಿಸುತ್ತದೆ.