ಕಂಡದ್ದು, ಹಿಡಿದದ್ದು

2016ರ ಫೆಬ್ರವರಿ ಕೊನೆಯಲ್ಲಿ, ನಾನು ಬಿ.ಎ. ಎರಡನೇ ಸೆಮಿಸ್ಟರ್‌ನಲ್ಲಿದ್ದಾಗ, ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗಳು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದಳು. ಮೂರು ಮಡಿಕೆಯ ಒಂದು ಫಲಕ, ಆಳೆತ್ತರದ್ದು. ನಡುವೆ ನಕ್ಷೆ, ಎಡಕ್ಕೆ ಇಬ್ಬರು ಸೇನಾಧಿಕಾರಿಗಳ ಚಿತ್ರ, ಬಲಕ್ಕೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸು. ಮುಂದೆ ಅವಳೂ ಅವಳ ಮೂವರು ಗೆಳತಿಯರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. ನ್ಯಾಷನಲ್ ಹಿಸ್ಟರಿ ಡೇ ಎಂಬ ಸ್ಪರ್ಧೆಯ ಜಿಲ್ಲಾ ಮಟ್ಟಕ್ಕೆ ಹೊರಟ ತಂಡ ಅದು. ಆಗ ಅವಳು ಹತ್ತನೇ ಗ್ರೇಡಿನಲ್ಲಿದ್ದಳು.

ಎರಡು ವಾರದ ಮೇಲೆ ಫೋನು ಮಾಡಿ, "ಅಕ್ಕ, ನಾವು ಮುಂದಕ್ಕೆ ಹೋಗಲಿಲ್ಲ" ಅಂದಳು. ಸೋತದ್ದಕ್ಕಿಂತ ತೀರ್ಪುಗಾರರು ಕೇಳಿದ ಒಂದು ಪ್ರಶ್ನೆ ಅವಳನ್ನು ಹೆಚ್ಚು ಕಾಡುತ್ತಿತ್ತು. ಆ ಪ್ರಶ್ನೆ ನನ್ನನ್ನೂ ಬಿಟ್ಟಿಲ್ಲ. ಈಗ ಪ್ರವಾಸ ಕಥನಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಅದು ಆಗಾಗ ಎದುರಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹೆಸರಿನಲ್ಲಿ 'ದಿನ' ಎಂದಿದ್ದರೂ ಈ ಸ್ಪರ್ಧೆ ಇಡೀ ಶಾಲಾ ವರ್ಷ ನಡೆಯುತ್ತದೆ. 1974ರಲ್ಲಿ ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವ್ಯಾನ್ ಟ್ಯಾಸೆಲ್ ಎಂಬ ಇತಿಹಾಸದ ಪ್ರಾಧ್ಯಾಪಕರು ಇದನ್ನು ಶುರುಮಾಡಿದರು. ಕಾಲೇಜುಗಳಲ್ಲಿ ವಿಜ್ಞಾನ ಮೇಳ ಇರುವ ಹಾಗೆ ಶಾಲೆಗಳಲ್ಲಿ ಇತಿಹಾಸಕ್ಕೂ ಒಂದು ಮೇಳ ಎನ್ನಬಹುದು. ಪ್ರಬಂಧವನ್ನು ಒಬ್ಬರೇ ಬರೆಯಬೇಕು. ಸಾಕ್ಷ್ಯಚಿತ್ರ, ಪ್ರದರ್ಶನ ಫಲಕ, ನಾಟಕ, ಜಾಲತಾಣ ಇವನ್ನು ಎರಡರಿಂದ ಐದು ಜನರ ತಂಡವೂ ಮಾಡಬಹುದು. ಶಾಲೆ, ಜಿಲ್ಲೆ, ರಾಜ್ಯ ದಾಟಿದವರು ಜೂನ್‌ನಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ಪ್ರತಿ ವರ್ಷಕ್ಕೊಂದು ವಸ್ತು ಇರುತ್ತದೆ. 2016ರ ವಸ್ತು ಮೂರು ಪದಗಳದ್ದು: ಅನ್ವೇಷಣೆ, ಮುಖಾಮುಖಿ, ವಿನಿಮಯ.

ಸಾಹಿತ್ಯದ ವಿದ್ಯಾರ್ಥಿಗೆ ಈ ಮೂರು ಪದಗಳ ಸಾಲೇ ಒಂದು ಪಠ್ಯ. ಅದಕ್ಕೊಂದು ಕಥಾಸರಣಿ ಇದೆ: ಒಬ್ಬ ಹೊರಡುತ್ತಾನೆ, ಇನ್ನೊಬ್ಬ ಎದುರಾಗುತ್ತಾನೆ, ಇಬ್ಬರೂ ಏನನ್ನೋ ಕೊಟ್ಟುಕೊಳ್ಳುತ್ತಾರೆ. ವಿನಿಮಯ ಎಂಬ ಪದದಲ್ಲಿ ಇಬ್ಬರೂ ಸಮನಾಗಿ ಕಾಣುತ್ತಾರೆ. ಆದರೆ ವಾಕ್ಯದ ಕರ್ತೃಸ್ಥಾನದಲ್ಲಿ ಮೊದಲು ಕೂತವನು ಹೊರಟವನೇ. ಎದುರಾದವನ ಕಡೆಯಿಂದ ಈ ಸಾಲನ್ನು ಬರೆದಿದ್ದರೆ ಅನ್ವೇಷಣೆ ಎಂಬ ಪದ ಬರುತ್ತಲೇ ಇರಲಿಲ್ಲ. 'ಬಂದರು' ಎಂದು ಶುರುವಾಗುತ್ತಿತ್ತು.

ಕನ್ನಡದಲ್ಲಿ ಈ ಪದವನ್ನು ಹಿಡಿಯುವುದೂ ಸುಲಭವಲ್ಲ. ಪರಿಶೋಧನೆ ಎನ್ನೋಣವೆಂದರೆ ಅದನ್ನು ಲೆಕ್ಕಪರಿಶೋಧಕರು ತೆಗೆದುಕೊಂಡಾಗಿದೆ. ಸಂಶೋಧನೆ ನಮ್ಮಂಥವರ ಫೆಲೋಶಿಪ್ಪಿನ ಪದ. ಶೋಧ ಎಂಬುದರಲ್ಲಿ ಮಾತ್ರ ಒಂದು ಅಡುಗೆಮನೆಯ ಅರ್ಥ ಉಳಿದಿದೆ: ನಮ್ಮ ಮನೆಯಲ್ಲಿ ಕಾಫಿ ಡಿಕಾಕ್ಷನ್ನನ್ನೂ ಹಾಲನ್ನೂ ಶೋಧಿಸುತ್ತಾರೆ. ಏನೋ ಇಳಿಯುತ್ತದೆ, ಏನೋ ಬಟ್ಟೆಯಲ್ಲೇ ನಿಲ್ಲುತ್ತದೆ. ಇನ್ನು 'ಕಂಡುಹಿಡಿ'. ನಾನು ಹೈಸ್ಕೂಲಿನಲ್ಲಿದ್ದಾಗ ತಾಲ್ಲೂಕು ಮಟ್ಟದ ಕ್ವಿಜ್ಜಿನಲ್ಲಿ "ಭಾರತಕ್ಕೆ ಸಮುದ್ರಮಾರ್ಗ ಕಂಡುಹಿಡಿದವರು ಯಾರು?" ಎಂದು ಕೇಳಿದರು. ನಮ್ಮ ತಂಡ ಬೆಲ್ಲು ಒತ್ತಿ ಹತ್ತು ಅಂಕ ತೆಗೆದುಕೊಂಡಿತು. 1498ರಲ್ಲಿ ಮಲಿಂದಿಯಲ್ಲಿ ಹಡಗು ಹತ್ತಿದ ಒಬ್ಬ ನಾವಿಕ ಮುಂಗಾರಿನ ಗಾಳಿಯ ಲೆಕ್ಕ ಬಲ್ಲವನಾಗಿದ್ದ, ಅವನೇ ವಾಸ್ಕೋ ಡ ಗಾಮನಿಗೆ ಕಡಲು ದಾಟಿಸಿದ ಎಂದು ನನಗೆ ಗೊತ್ತಾದದ್ದು ಎಂ.ಎ.ಗೆ ಬಂದ ಮೇಲೆ. ಕನ್ನಡದ ಆ ಕ್ರಿಯಾಪದ ಮಾತ್ರ ಮೊದಲಿನಿಂದಲೂ ನಿಜ ಹೇಳುತ್ತಲೇ ಇತ್ತು: ಮೊದಲು ಕಂಡರು, ಆಮೇಲೆ ಹಿಡಿದರು.

ಹತ್ತು ಅಂಕದ ಕ್ವಿಜ್ಜಿಗೂ ಹಿಸ್ಟರಿ ಡೇಗೂ ಇರುವ ದೂರ ದೊಡ್ಡದು, ಅದನ್ನು ಒಪ್ಪಲೇಬೇಕು. ಅಲ್ಲಿ ಉತ್ತರ ಮೊದಲೇ ಚೀಟಿಯಲ್ಲಿ ಬರೆದಿರುವುದಿಲ್ಲ. ಮಕ್ಕಳು ವಿಷಯವನ್ನು ತಾವೇ ಆರಿಸಿಕೊಂಡು, ಆ ಕಾಲದ ಪತ್ರ, ದಿನಚರಿ, ವರದಿಗಳನ್ನು ಓದಿ, ಟಿಪ್ಪಣಿಸಹಿತ ಆಕರಪಟ್ಟಿ ಕೊಟ್ಟು, ತೀರ್ಪುಗಾರರ ಎದುರು ನಿಂತು ಸಮರ್ಥಿಸಿಕೊಳ್ಳಬೇಕು. ನಮ್ಮ ಎಷ್ಟೋ ಪಿಎಚ್.ಡಿ. ಕೋರ್ಸ್‌ವರ್ಕ್‌ಗಳಲ್ಲಿ ಇಷ್ಟು ನಡೆಯುವುದಿಲ್ಲ.

ಈ ಸ್ಪರ್ಧೆಯಿಂದ ನಿಜವಾದ ಶೋಧಗಳೂ ಹುಟ್ಟಿವೆ. 1999ರಲ್ಲಿ ಕಾನ್ಸಾಸ್‌ನ ಯೂನಿಯನ್‌ಟೌನ್ ಎಂಬ ಪುಟ್ಟ ಊರಿನಲ್ಲಿ ನಾರ್ಮನ್ ಕೊನಾರ್ಡ್ ಎಂಬ ಮೇಷ್ಟ್ರು ತಮ್ಮ ವಿದ್ಯಾರ್ಥಿನಿಯರಿಗೆ ಹಳೆಯದೊಂದು ಪತ್ರಿಕಾ ತುಣುಕು ಕೊಟ್ಟರು. ವಾರ್ಸಾದ ಯಹೂದಿ ಘೆಟ್ಟೋದಿಂದ ಐರೀನಾ ಸೆಂಡ್ಲರ್ ಎಂಬಾಕೆ 2,500 ಮಕ್ಕಳನ್ನು ಉಳಿಸಿದರು ಎಂದು ಅದರಲ್ಲಿತ್ತು. ಅಂಕಿ ಅಚ್ಚಿನ ತಪ್ಪಿರಬಹುದು, ಹುಡುಕಿ ನೋಡಿ ಎಂದರು ಮೇಷ್ಟ್ರು. ಹುಡುಗಿಯರು ಹುಡುಕುತ್ತಾ ಹೋದರು. ಆಕೆಯ ಸಮಾಧಿ ಎಲ್ಲಿದೆ ಎಂದು ವಿಚಾರಿಸಿದರೆ, ಆಕೆ ವಾರ್ಸಾದಲ್ಲಿ ಬದುಕಿದ್ದಾರೆ ಎಂದು ತಿಳಿಯಿತು. ಮಕ್ಕಳ ನಿಜವಾದ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಜಾಡಿಗಳಲ್ಲಿಟ್ಟು ಮರದಡಿ ಹೂತಿದ್ದ ಕತೆ ನಾಟಕವಾಯಿತು. 2001ರಲ್ಲಿ ಅವರು ಪೋಲೆಂಡಿಗೆ ಹೋಗಿ ಆ ವೃದ್ಧೆಯನ್ನು ಕಂಡರು. ಇನ್ನೊಂದು ಉದಾಹರಣೆ 2004ರದು. ಇಲಿನಾಯ್‌ನ ಮೂವರು ವಿದ್ಯಾರ್ಥಿನಿಯರು 1964ರಲ್ಲಿ ಮಿಸಿಸಿಪಿಯಲ್ಲಿ ನಡೆದ ನಾಗರಿಕ ಹಕ್ಕು ಕಾರ್ಯಕರ್ತರ ಕೊಲೆಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. 2005ರ ಜೂನ್‌ನಲ್ಲಿ ಎಡ್ಗರ್ ರೇ ಕಿಲೆನ್‌ಗೆ ಶಿಕ್ಷೆಯಾಯಿತು. ಮಕ್ಕಳಿಂದಲೇ ಆಯಿತು ಎನ್ನುವುದು ಅತಿಯಾದೀತು, ಪತ್ರಕರ್ತ ಜೆರ್ರಿ ಮಿಚೆಲ್ ಅಂಥ ಹಳೆಯ ಪ್ರಕರಣಗಳ ಹಿಂದೆ ವರ್ಷಗಟ್ಟಲೆ ಬಿದ್ದಿದ್ದರು. ಆದರೆ ಪ್ರಕರಣ ಮತ್ತೆ ತೆರೆಯಲಿ ಎಂಬ ಒತ್ತಾಯಕ್ಕೆ ಆ ಮಕ್ಕಳ ದನಿಯೂ ಸೇರಿತ್ತು.

ಈ ಎರಡೂ ಕಡೆ ಹುಡುಕಾಟ ಶುರುವಾದದ್ದು ಒಂದು ಅನುಮಾನದಿಂದ, ಒಂದು ಮುಗಿಯದ ಲೆಕ್ಕದಿಂದ. 'ಅನ್ವೇಷಣೆ' ಎಂಬುದೇ ವಸ್ತುವಾದಾಗ ಆಗುವ ತಮಾಷೆಯೆಂದರೆ, ಅನ್ವೇಷಕರ ಬಗ್ಗೆ ಮಾತಾಡಿದರೆ ಸಾಕು, ನಾವು ಅನ್ವೇಷಿಸಿದ ಹಾಗೆಯೇ ಅನ್ನಿಸಿಬಿಡುತ್ತದೆ. ಆ ಕಾಲದ ಅಂಕಪದ್ಧತಿಯಲ್ಲಿ ನೂರಕ್ಕೆ 60 ಚಾರಿತ್ರಿಕ ಗುಣಮಟ್ಟಕ್ಕೆ, 20 ವಸ್ತುವಿನೊಂದಿಗಿನ ಸಂಬಂಧಕ್ಕೆ, 20 ಸ್ಪಷ್ಟತೆಗೆ. (ಈಗ ಬದಲಾಗಿದೆ, ಗುಣಮಟ್ಟಕ್ಕೇ 80.) ಆ ಇಪ್ಪತ್ತು ಅಂಕಕ್ಕಾಗಿ ಶೀರ್ಷಿಕೆಯಲ್ಲೇ ಮೂರೂ ಪದಗಳನ್ನು ತುರುಕಿದ ಫಲಕಗಳು ಎಷ್ಟಿದ್ದವೋ. ನನ್ನ ತಂಗಿಯ ತಂಡದ್ದಂತೂ ಹಾಗೇ ಇತ್ತು.

ಅವರ ವಿಷಯ ಲೂಯಿಸ್ ಮತ್ತು ಕ್ಲಾರ್ಕ್. 1804ರ ಮೇ ತಿಂಗಳಲ್ಲಿ ಮಿಸೌರಿ ನದಿಯ ಗುಂಟ ಹೊರಟು, ಪೆಸಿಫಿಕ್ ಮುಟ್ಟಿ, 1806ರಲ್ಲಿ ಹಿಂದಿರುಗಿದ ತಂಡ. ಬಲಗಡೆ ಫಲಕದ ಹೆಂಗಸು ಸಕಗಾವಿಯಾ, ಶೋಶೋನಿ ಬುಡಕಟ್ಟಿನವಳು, ಹೊರಟಾಗ ಹದಿನಾರರ ಆಸುಪಾಸು, ಕಂಕುಳಲ್ಲಿ ಹಸುಗೂಸು. ಫಲಕದ ವಾದ ಹೀಗಿತ್ತು: ಇವಳಿಲ್ಲದಿದ್ದರೆ ಆ ಅನ್ವೇಷಣೆ ಇಲ್ಲ. ಒಳ್ಳೆಯ ವಾದವೇ. ತೀರ್ಪುಗಾರರಲ್ಲಿ ಒಬ್ಬರು ಕೇಳಿದರಂತೆ: "ಇವಳ ಮಾತಿಗೆ ನಿಮ್ಮ ಆಕರ ಯಾವುದು?" ನಾಲ್ವರೂ ಸುಮ್ಮನೆ ನಿಂತರು. "ಅವಳು ಏನೂ ಬರೆದಿಲ್ಲವಲ್ಲ ಅಕ್ಕ, ನಾವೇನು ಹೇಳಬೇಕಿತ್ತು?" ಎಂದು ಫೋನಿನಲ್ಲಿ ಅತ್ತಳು. ನನಗೂ ಗೊತ್ತಿರಲಿಲ್ಲ. ಇಲ್ಲದ ಆಕರವನ್ನು ಮಕ್ಕಳ ಹತ್ತಿರ ಕೇಳಿದ್ದು ಅನ್ಯಾಯ ಎಂದೇ ಸಮಾಧಾನ ಹೇಳಿದೆ.

ಆ ಸಮಾಧಾನ ಸರಿಯಿರಲಿಲ್ಲ. ಲೂಯಿಸ್ ಮತ್ತು ಕ್ಲಾರ್ಕರ ದಿನಚರಿಗಳನ್ನು ನಾನು ಓದಿದ್ದು ಬಹಳ ತಡವಾಗಿ. ನೆಬ್ರಾಸ್ಕಾ ವಿಶ್ವವಿದ್ಯಾಲಯ ಹದಿಮೂರು ಸಂಪುಟಗಳಲ್ಲಿ ಪ್ರಕಟಿಸಿದೆ, ಅಂತರ್ಜಾಲದಲ್ಲೂ ಸಿಗುತ್ತವೆ. ಅಲ್ಲಿ ಅವಳ ಹೆಸರು ಅಪರೂಪ, ಬಂದಾಗಲೂ ಬಗೆಬಗೆಯ ಕಾಗುಣಿತದಲ್ಲಿ. ಅವಳ ಮಾತು ನಾಲ್ಕು ಭಾಷೆ ದಾಟಿ ಬರಬೇಕಿತ್ತು: ಅವಳು ಶೋಶೋನಿಯಿಂದ ಹಿದಾತ್ಸಾಕ್ಕೆ, ಅವಳ ಗಂಡ ಹಿದಾತ್ಸಾದಿಂದ ಫ್ರೆಂಚಿಗೆ, ತಂಡದ ಇನ್ನೊಬ್ಬ ಫ್ರೆಂಚಿನಿಂದ ಇಂಗ್ಲಿಷಿಗೆ. ಕೊನೆಗೆ ಗಂಡನಿಗೆ ಸಂಬಳ ಸಿಕ್ಕಿತು, ಅವಳಿಗೆ ಸಿಗಲಿಲ್ಲ. ಆದರೂ ಎರಡು ಕಡೆ ಬಟ್ಟೆಯ ಎಳೆ ದಾಟಿ ಒಂದಿಷ್ಟು ಇಳಿದಿದೆ. 1805ರ ನವೆಂಬರಿನಲ್ಲಿ, ಚಳಿಗಾಲಕ್ಕೆ ಎಲ್ಲಿ ಬಿಡಾರ ಹೂಡಬೇಕೆಂದು ಎಲ್ಲರ ಅಭಿಪ್ರಾಯ ಕೇಳಿದಾಗ, ಕ್ಲಾರ್ಕ್ ಅವಳದನ್ನೂ ಬರೆದುಕೊಂಡ: ತಿನ್ನಲು ಗೆಡ್ಡೆ ಹೇರಳವಾಗಿರುವ ಜಾಗ ಆಗಬೇಕು. ಕೆಲವು ವಾರಗಳ ಮೇಲೆ ಕಡಲ ತೀರಕ್ಕೆ ತಿಮಿಂಗಿಲವೊಂದು ಬಂದು ಬಿದ್ದ ಸುದ್ದಿ ಬಂದಾಗ, ಅವಳು ತನ್ನನ್ನೂ ಕರೆದೊಯ್ಯಬೇಕೆಂದು ಹಟ ಹಿಡಿದಳು. ದೊಡ್ಡ ನೀರು ನೋಡಲು ಇಷ್ಟು ದೂರ ನಡೆದು ಬಂದು ಆ ದೊಡ್ಡ ಮೀನನ್ನು ನೋಡದೆ ಹೇಗಿರಲಿ ಎಂಬುದು ಅವಳ ವಾದ. ಕರೆದೊಯ್ದರು.

ಗೆಡ್ಡೆ ಮತ್ತು ತಿಮಿಂಗಿಲ. ಹೊಟ್ಟೆಯ ಲೆಕ್ಕ ಒಂದು, ಕುತೂಹಲ ಒಂದು. ಮಾರ್ಗದರ್ಶಿ, ದುಭಾಷಿ, ತಾಯಿ ಎಂದೆಲ್ಲ ಫಲಕದಲ್ಲಿ ಬರೆದಿದ್ದವರಿಗೆ ನೋಡುವ ಆಸೆಯಿದ್ದವಳು, ಅಂದರೆ ಅನ್ವೇಷಕಿ, ಕಾಣದೆ ಹೋದಳು. ತೀರ್ಪುಗಾರರ ಪ್ರಶ್ನೆಗೆ ಉತ್ತರ ಇತ್ತು, ಆದರೆ ಅದು ಇನ್ನೊಬ್ಬನ ಕೈಬರಹದಲ್ಲಿತ್ತು. ಫಲಕದಲ್ಲಿ ತಮ್ಮ ಮಾತು 500 ಪದ ಮೀರಬಾರದು ಎಂಬ ನಿಯಮದ ಕೆಳಗೆ ಕೆಲಸ ಮಾಡುವ ಮಕ್ಕಳು ಇಂಥ ಚೂರುಗಳನ್ನು ಎಲ್ಲಿಡಬೇಕು? ವಾದ ಒಂದು ಸಾಲಿನಲ್ಲಿ ನಿಲ್ಲಬೇಕು, ಪ್ರತಿ ಚಿತ್ರವೂ ಅದಕ್ಕೆ ಸಾಕ್ಷಿ ಹೇಳಬೇಕು. ಗೆಡ್ಡೆಯ ಮಾತು ಯಾವ ವಾದಕ್ಕೂ ಸಾಕ್ಷಿ ಹೇಳುವುದಿಲ್ಲ. ಈ ಸ್ಪರ್ಧೆಯ ಬಗ್ಗೆ ನನ್ನ ನಿಜವಾದ ತಕರಾರು ಇಲ್ಲಿದೆ. ಅದು ಮಕ್ಕಳಿಗೆ ಆಕರ ಹುಡುಕುವುದನ್ನು ಚೆನ್ನಾಗಿ ಕಲಿಸುತ್ತದೆ, ಆಕರದಲ್ಲಿ ತಮ್ಮ ವಾದಕ್ಕೆ ಬಾರದ್ದು ಸಿಕ್ಕರೆ ಏನು ಮಾಡಬೇಕೆಂದು ಕಲಿಸುವುದಿಲ್ಲ.

ಅದೇ 1804ರಲ್ಲಿ ನಮ್ಮ ಕಡೆಯೂ ಒಬ್ಬ ಸರ್ವೇ ಅಧಿಕಾರಿ ಓಡಾಡುತ್ತಿದ್ದ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಬಂದ ಕಾಲಿನ್ ಮೆಕೆಂಜಿ. ನೆಲದ ಜೊತೆಗೆ ಕತೆ, ಶಾಸನ, ವಂಶಾವಳಿಗಳನ್ನೂ ಅಳೆಯುವ ಹುಚ್ಚು ಅವನಿಗೆ. ಚಾಮರಾಜನಗರದ ಕಡೆಯ ಕನಕಗಿರಿಗೆ ಬಂದಾಗ ಅಲ್ಲಿನ ಜೈನ ವಿದ್ವಾಂಸ ದೇವಚಂದ್ರನನ್ನು ಸ್ಥಳದ ಚರಿತ್ರೆ ಕೇಳಿದ. ಕೇಳಿದವನು ಹೋದ, ಕೇಳಿಸಿಕೊಂಡವನು ಪ್ರಶ್ನೆಯನ್ನು ಇಟ್ಟುಕೊಂಡ. ದಶಕಗಳ ಮೇಲೆ ಮೈಸೂರು ಅರಮನೆಯ ದೇವೀರಮ್ಮಣ್ಣಿಯ ಪ್ರೇರಣೆಯೂ ಸೇರಿ ಅದು 'ರಾಜಾವಳಿ ಕಥೆ' ಎಂಬ ದೊಡ್ಡ ಗ್ರಂಥವಾಯಿತು. ಮೆಕೆಂಜಿ ಬಂದದ್ದನ್ನೂ ಕೇಳಿದ್ದನ್ನೂ ದೇವಚಂದ್ರ ಅದರಲ್ಲೇ ಹೇಳಿಕೊಳ್ಳುತ್ತಾನೆ. ಪುರಾಣ, ಐತಿಹ್ಯ, ರಾಜರ ಕತೆ ಎಲ್ಲ ಬೆರೆತ ಈ ಕೃತಿಯನ್ನು ಇತಿಹಾಸಕಾರರು ಪೂರ್ತಿ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ನನಗೆ ಮುಖ್ಯವಾದದ್ದು ಬೇರೆ: ಇಲ್ಲಿ ಅನ್ವೇಷಕ ಬೇರೊಬ್ಬನ ಪುಸ್ತಕದಲ್ಲಿ ಒಂದು ಪಾತ್ರ. ವಾಕ್ಯ 'ಬಂದರು' ಎಂದೇ ಶುರುವಾಗಿದೆ. ಸಕಗಾವಿಯಾಗೆ ಸಿಗದ ಕಾಗದ, ಕಂಠ, ಮೂವತ್ತು ವರ್ಷದ ವ್ಯವಧಾನ ಇವನಿಗೆ ಸಿಕ್ಕಿತ್ತು. ಓದುಬರಹವಿದ್ದ ಗಂಡಸು, ಹಿಂದೆ ಮಠದ ಪರಂಪರೆ, ಮುಂದೆ ಅರಮನೆ. ಅದನ್ನು ಮರೆತು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ನಾನೂ ಫಲಕಕ್ಕೆ ಚಿತ್ರ ಅಂಟಿಸಿದ ಹಾಗಾಗುತ್ತದೆ.

ಈ ಲೇಖನಕ್ಕೆಂದು ತಂಗಿಯನ್ನು ಕೇಳಿದೆ, ಆ ವರ್ಷದ್ದೇನಾದರೂ ಉಳಿದಿದೆಯಾ ಎಂದು. ಫಲಕ ಮನೆ ಬದಲಾಯಿಸುವಾಗ ಹೋಯಿತಂತೆ. ಆದರೆ ಪ್ರತಿ ತಂಡವೂ ತಾವು ಹೇಗೆ ಕೆಲಸ ಮಾಡಿದೆವೆಂದು 500 ಪದದಲ್ಲಿ ಬರೆದು ಕೊಡಬೇಕು. ಆ ಹಾಳೆ ಅವಳ ಹಳೆಯ ಮೇಲ್‌ನಲ್ಲಿ ಸಿಕ್ಕಿತು. ವಿಷಯ ಹೇಗೆ ಆರಿಸಿದೆವು, ಯಾವ ಗ್ರಂಥಾಲಯಕ್ಕೆ ಹೋದೆವು, ವಸ್ತುವಿಗೆ ಹೇಗೆ ಹೊಂದುತ್ತದೆ ಎಂದೆಲ್ಲ ಅಚ್ಚುಕಟ್ಟಾಗಿದೆ. ಮೂರನೇ ಪ್ಯಾರಾದಲ್ಲಿ ಮಾತ್ರ ಒಂದು ಸಾಲು, ದಿನಚರಿ ಓದುವಾಗ ತಿಮಿಂಗಿಲದ ಪ್ರಸಂಗ ತಮಗೆಲ್ಲ ತುಂಬ ಇಷ್ಟವಾಯಿತು, ಆದರೆ ಜಾಗ ಸಾಲದೆ ಬಿಟ್ಟೆವು ಎಂದು. ಅವರು ಅದನ್ನು ಓದಿದ್ದರು. "ಹೌದಾ ಅಕ್ಕ, ನಾವೇ ಬರೆದಿದ್ದೆವಾ?" ಅಂದಳು.